ಕುರ್ಚಿಯಿಂದ ಎಬ್ಬಿಸುವ ನೌಕರಿ

ನೌಕರಿ ಮುಗಿಸಿ ಮನೆಯಲ್ಲಿ ಕೂತ ಮೇಲೂ ನನಗೊಂದು ಚಾಳಿ ಬಿಟ್ಟಿಲ್ಲ. ಬ್ಯಾಂಕಿಗೆ ಹೋಗಲಿ, ಮದುವೆಗೆ ಹೋಗಲಿ, ಮೊದಲು ಕಣ್ಣು ಹೋಗುವುದು ಮನುಷ್ಯರ ಮುಖದ ಮೇಲಲ್ಲ, ಅವರು ಕೂತ ಕುರ್ಚಿಯ ಮೇಲೆ. ಮೊನ್ನೆ ಬೀಗರ ಮನೆಯಲ್ಲಿ ಹೊಸ ಅಳಿಯನನ್ನು ಪರಿಚಯ ಮಾಡಿಕೊಟ್ಟರು. ನಾನು ಊರು ಕೇರಿ ವಿಚಾರಿಸುವ ಬದಲು, "ನಿನ್ನ ಪಾದ ನೆಲಕ್ಕ ಹತ್ತತಾವೇನಪ್ಪ?" ಎಂದು ಕೇಳಿ ಮನೆಯವರಿಂದ ಬೈಸಿಕೊಂಡೆ.

ನಾನು ಫಿಸಿಯೋಥೆರಪಿಸ್ಟ್. ವಾಡಿಯ ಒಂದು ಸಿಮೆಂಟ್ ಕಾರ್ಖಾನೆಯ ದವಾಖಾನೆಗೆ ಸೇರಿದೆ, ಅಲ್ಲಿಂದಲೇ ನಿವೃತ್ತಳಾದೆ. ನಡುವೆ ಬಡ್ತಿ ಬಂತು, ಹಾರ ಹಾಕಿದರು, ಫೋಟೋ ತೆಗೆದರು. ಅದರಲ್ಲಿ ಬರೆಯುವಂಥದ್ದು ಏನೂ ಇಲ್ಲ. ಈಗ ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಫೋನ್ ಮಾಡಿ ಯಾವ ಯಂತ್ರ ಕೊಳ್ಳಬೇಕು, ಯಾವ ಕೋರ್ಸು ಮಾಡಬೇಕು ಎಂದು ಕೇಳುತ್ತಾರೆ. ಯಂತ್ರದ ವಿಷಯ ಯಂತ್ರ ಮಾರುವವರೇ ಹೇಳುತ್ತಾರೆ, ಬೇಡವೆಂದರೂ ಹೇಳುತ್ತಾರೆ. ಅವರು ಹೇಳದ ಸಂಗತಿಗಳನ್ನಷ್ಟೇ ನಾನು ಇಲ್ಲಿ ಬರೆಯುತ್ತಿದ್ದೇನೆ.

ಫಿಸಿಯೋಥೆರಪಿ ಎಂಬ ಶಬ್ದ ವಾಡಿಯ ನಾಲಿಗೆಗೆ ಹೊಂದಲಿಲ್ಲ. ದವಾಖಾನೆಯ ಮೂಲೆಯ ಕೋಣೆಯಲ್ಲಿ ನೋವಿದ್ದ ಜಾಗಕ್ಕೆ ಸಣ್ಣಗೆ ವಿದ್ಯುತ್ತು ಹಾಯಿಸುವ ಯಂತ್ರವಿತ್ತು. ಜನ ಅದಕ್ಕೆ 'ಕರೆಂಟ್' ಎಂದರು, ನನಗೆ 'ಕರೆಂಟ್ ಬಾಯಿ' ಎಂದರು, ಬಾಯಿ ಎಂದರೆ ನಮ್ಮ ಕಡೆ ಅಮ್ಮಾವ್ರು. ನನ್ನ ನಿಜವಾದ ಹೆಸರು ಸುಮಂಗಲಾ ಎಂಬುದು ಸಂಬಳ ಕೊಡುವವರಿಗೆ ಮಾತ್ರ ಗೊತ್ತಿತ್ತು. "ಬಾಯಿಯವರೇ, ಇವತ್ತ ಜರಾ ಜಾಸ್ತಿ ಬಿಡ್ರಿ. ನಿನ್ನಿದು ಮನಿ ಮುಟ್ಟೂದ್ರಾಗ ಇಳದು ಹೋತು" ಎಂದು ಒಬ್ಬರು ಹೇಳಿದರೆ, "ನಿಮ್ಮ ಕೋಣ್ಯಾಗ ಪವರ್ ಕಟ್ ಆಗಂಗಿಲ್ಲೇನ್ರಿ?" ಎಂದು ಇನ್ನೊಬ್ಬರು ಕಿಚಾಯಿಸುವರು.

ಗಣಿಯವರು, ಚೀಲ ಹೊರುವವರು ನನ್ನ ಬಾಗಿಲಿಗೆ ಸಾಲು ಹಚ್ಚುತ್ತಾರೆ ಎಂದು ನಾನು ಎಣಿಸಿದ್ದೆ. ಅವರೂ ಬಂದರು, ಇಲ್ಲವೆಂದಲ್ಲ. ಆದರೆ ಬಿಟ್ಟೂಬಿಡದೆ ಬಂದವರು ಇಸ್ತ್ರಿ ಶರ್ಟಿನವರು. ಬಿಲ್ ಸೆಕ್ಷನ್ನಿನವರು, ಲೆಕ್ಕಪತ್ರದವರು, ಹಾಜರಿ ಬರೆಯುವವರು. ಊಟದ ಡಬ್ಬಿಗಿಂತ ಭಾರವಾದದ್ದನ್ನು ಎತ್ತಿದವರಲ್ಲ ಅವರು. ಬೆಳಗ್ಗೆ ನೆಟ್ಟಗೆ ಬಂದು ಸಂಜೆ ಒಂದು ಕೈ ಟೊಂಕದ ಮೇಲಿಟ್ಟುಕೊಂಡು ಹೊರಡುತ್ತಿದ್ದರು.

ನಮ್ಮ ದವಾಖಾನೆಯ ದೊಡ್ಡ ಡಾಕ್ಟರು ದೇಶಮುಖರು. ನಾಲಿಗೆ ಖಾರ, ಮನಸ್ಸು ಮೆತ್ತಗೆ. ಒಂದು ದಿನ ನನ್ನ ಕೋಣೆಯ ಮುಂದಿನ ಸಾಲು ನೋಡಿ ಒಳಗೆ ಕರೆದರು.

"ನೀ ಕರೆಂಟ್ ಕೊಟ್ಟು ಕಳಸ್ತಿ. ಅಂವ ಹೋಗಿ ಅದೇ ಕುರ್ಚಿ ಮ್ಯಾಲ ಕುಂದರ್ತಾನ. ನಾಳಿ ಮತ್ತ ಬರ್ತಾನ. ಹಿಂಗಾದ್ರ ನಿನ್ನ ಮಷೀನ್ ಸವೀತದ, ಅವನ ಟೊಂಕ ಹಂಗೇ ಇರ್ತದ. ಹೋಗವ್ವ, ಕುರ್ಚಿ ನೋಡಿ ಬಾ."

ಕುರ್ಚಿ ನೋಡುವುದು ಒಂದು ಕೆಲಸವೇ ಎಂದು ನನಗೆ ಸ್ವಲ್ಪ ಅವಮಾನವೇ ಆಯಿತು. ಹೋಗಿ ನೋಡಿದರೆ ಅಲ್ಲಿ ದೊಡ್ಡ ಸರ್ಕಸ್ಸು ನಡೆದಿತ್ತು. ಒಂದು ಕುರ್ಚಿಯ ಕೈಯನ್ನು ತಂತಿಯಿಂದ ಬಿಗಿದಿದ್ದರು. ಇನ್ನೊಂದರ ಮೇಲೆ ಹಳೆ ಸ್ಕೂಟರಿನ ಸೀಟು ಕೂತಿತ್ತು. ಬಿಲ್ ಸೆಕ್ಷನ್ನಿಗೆ ಮಾತ್ರ ಆಗಷ್ಟೇ ಹೊಸ ಕುರ್ಚಿಗಳು ಬಂದಿದ್ದವು, ಟೊಂಕಕ್ಕೆ ಆಸರೆ ಕೊಡುವಂಥವು, ದುಬಾರಿಯವು. ಆದರೂ ಅಲ್ಲಿಯವರೇ ನನ್ನ ಹತ್ತಿರ ಹೆಚ್ಚಾಗಿ ಬರುತ್ತಿದ್ದರು. ಕಾರಣ ಹುಡುಕುವುದಕ್ಕೆ ಕಷ್ಟಪಡಬೇಕಾಗಲಿಲ್ಲ. ಹೊಸ ಕುರ್ಚಿ ಹೊಲಸಾಗಬಾರದೆಂದು ಅಂಗಡಿಯಿಂದ ಬಂದ ಪ್ಲಾಸ್ಟಿಕ್ ಹಾಳೆಯನ್ನು ಯಾರೂ ಬಿಚ್ಚಿರಲಿಲ್ಲ. ನಮ್ಮ ಕಡೆಯ ಬಿಸಿಲಿಗೆ ಬೆವರು ಸುರಿದು, ಪ್ಲಾಸ್ಟಿಕ್ಕಿನ ಮೇಲೆ ಮನುಷ್ಯ ಕೂತಲ್ಲಿ ಕೂಡುತ್ತಿರಲಿಲ್ಲ. ಜಾರುತ್ತಾ ಜಾರುತ್ತಾ ಮಧ್ಯಾಹ್ನದ ಹೊತ್ತಿಗೆ ಬೆನ್ನು ಸೀಟಿನ ಮೇಲೆ, ಕತ್ತು ಒರಗಿನ ಮೇಲೆ ಬರುತ್ತಿತ್ತು.

ನಾನು ಕತ್ತರಿ ತಂದು ಪ್ಲಾಸ್ಟಿಕ್ ಹರಿದೆ. ಅವರ ಮುಖ ನೋಡಿದರೆ ಹೊಸ ಸೀರೆಗೆ ಕತ್ತರಿ ಹಾಕಿದೆನೋ ಅನ್ನಿಸಬೇಕು. "ಏನ್ ಮಾಡಿದ್ರಿ ಬಾಯಿಯವರೇ, ಹೊಸಾವು ಇದ್ದು!" ಎಂದು ಒಬ್ಬರು ಅಳುವ ದನಿಯಲ್ಲಿ ಹೇಳಿದರು. ಒಂದು ವಾರ ನನ್ನ ಜೊತೆ ಮಾತಿಲ್ಲ. ಆ ವಾರ ನನ್ನ ಕೋಣೆಗೂ ಯಾರೂ ಬರಲಿಲ್ಲ. ಸಿಟ್ಟಿಗೆ ಬರಲಿಲ್ಲವೋ, ನೋವು ಕಡಿಮೆಯಾಗಿ ಬರಲಿಲ್ಲವೋ ಎಂದು ಆಗ ಅನುಮಾನವಿತ್ತು. ಆಮೇಲೆ ಒಬ್ಬೊಬ್ಬರೇ ಬಂದು, ಚಲೋ ಆಯ್ತು ಎಂದು ಒಪ್ಪಿಕೊಂಡರು.

ಅಲ್ಲಿಂದ ನಮ್ಮ 'ಟೊಂಕದ ಕ್ಯಾಂಪ್' ಶುರುವಾಯಿತು. ಕಾರ್ಖಾನೆಯವರು ಸುತ್ತಲಿನ ಊರುಗಳಿಗೆ ನನ್ನನ್ನು ಕಳಿಸುತ್ತಿದ್ದರು. ಕರೆದ ಕಚೇರಿಗೆ ಹೋಗುವುದು, ಕೂತವರನ್ನು ನೋಡುವುದು, ತೋಚಿದ್ದನ್ನು ಹೇಳುವುದು.

ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವ ಒಂದು ಕಾರ್ಖಾನೆ, ಮಾಲೀಕರು ಖಾದರ್ ಸೇಠರು. ಅವರ ಗುಮಾಸ್ತರಿಗೆಲ್ಲ ಹೆಗಲು ಹಿಡಿದುಕೊಳ್ಳುತ್ತಿತ್ತು, ಟೊಂಕ ನೋಯುತ್ತಿತ್ತು. ಹೋಗಿ ನೋಡಿದರೆ ಮೇಜುಗಳೆಲ್ಲ ಕಲ್ಲಿನವು. ದಪ್ಪ ಫರ್ಸಿ ಚಪ್ಪಡಿಯನ್ನು ಕನ್ನಡಿಯ ಹಾಗೆ ಉಜ್ಜಿ, ಕಲ್ಲಿನ ಕಂಬಗಳ ಮೇಲೆ ಕೂರಿಸಿದ್ದರು. ನೋಡಲು ಭಾಳ ಚೆಂದ, ಆದರೆ ಎತ್ತರ ಹೆಚ್ಚು. ಗುಮಾಸ್ತರು ಎರಡೂ ಹೆಗಲು ಕಿವಿಯ ತನಕ ಏರಿಸಿಕೊಂಡು ಕೀಬೋರ್ಡ್ ಒತ್ತುತ್ತಿದ್ದರು.

"ಸೇಠ್, ಕಟಗಿ ಮೇಜು ತರಿಸ್ರಿ" ಎಂದೆ.

ಸೇಠರು ಎದೆ ಮೇಲೆ ಕೈ ಇಟ್ಟುಕೊಂಡರು. "ತೌಬಾ! ಕಲ್ಲಿನ ಊರಾಗ, ಕಲ್ಲಿನ ಧಂದಾ ಮಾಡೋ ನಾನು ಕಟಗಿ ಮೇಜು ಇಟ್ಟರ ಗಿರಾಕಿ ಏನಂತಾನ್ರಿ ಬಾಯಿ? ನಿನ್ನ ಮಾಲ್ ನೀನೇ ವಾಪರ್ ಮಾಡಂಗಿಲ್ಲ, ನಾ ಯಾಕ್ ಮಾಡ್ಲಿ ಅಂತಾನ."

ಅವರ ಮಾತಿನಲ್ಲೂ ನ್ಯಾಯವಿತ್ತು. ಮೇಜು ಇಳಿಸಲು ಆಗುವುದಿಲ್ಲ ಎಂದ ಮೇಲೆ ಮನುಷ್ಯನನ್ನು ಏರಿಸಬೇಕು. ಕುರ್ಚಿಗಳನ್ನು ಮೇಲಕ್ಕೆ ಎತ್ತರಿಸಿದೆವು. ಪಾದ ಗಾಳಿಯಲ್ಲಿ ತೂಗಾಡಿದವು. ಪಾದದ ಕೆಳಗೆ ಒಂದೊಂದು ಫರ್ಸಿ ತುಂಡು ಹಾಕಿಸಿದೆವು. ಸೇಠರು ಅದಕ್ಕೂ ಪಾಲಿಶ್ ಹೊಡೆಸಿದರು! ಅದರ ಮೇಲೆ ಕಾಲು ಜಾರುತ್ತದೆ ಎಂದು ಹೇಳಿ ಮತ್ತೆ ಒರಟು ಮಾಡಿಸಬೇಕಾಯಿತು.

ಇಂಥ ಗೆಲುವುಗಳಿಂದ ನನಗೆ ತಲೆ ಸ್ವಲ್ಪ ತಿರುಗಿತ್ತು. ಕುರ್ಚಿ ಮೇಜು ಸರಿ ಮಾಡಿದರೆ ಲೋಕದ ಟೊಂಕವೆಲ್ಲ ಸರಿಹೋಗುತ್ತದೆ ಎಂದು ನಂಬಿಕೊಂಡಿದ್ದೆ. ಆಗ ಶರಣಮ್ಮ ಬಂದಳು.

ಶರಣಮ್ಮ ನಮ್ಮ ಕಾರ್ಖಾನೆಯ ಕಾಟಾದಲ್ಲಿ, ಅಂದರೆ ಲಾರಿ ತೂಗುವ ಜಾಗದಲ್ಲಿ, ಬಿಲ್ಲು ಮಾಡುತ್ತಿದ್ದಳು. ಅದೇ ಕೆಲಸದಲ್ಲಿದ್ದ ಗಂಡ ಕಾಯಿಲೆಯಿಂದ ತೀರಿಕೊಂಡಿದ್ದ. ಅನುಕಂಪದ ಮೇಲೆ ಇವಳಿಗೆ ಅವನ ಜಾಗ ಕೊಟ್ಟಿದ್ದರು, ಆದರೆ ಇನ್ನೂ ಕಾಯಂ ಆಗಿರಲಿಲ್ಲ. ಪರೀಕ್ಷೆಯ ಅವಧಿ ನಡೆದಿತ್ತು. ಮನೆಯಲ್ಲಿ ಶಾಲೆಗೆ ಹೋಗುವ ಮಗಳು, ಮುದುಕ ಮಾವ. ದುಡಿಯುವ ಕೈ ಇವಳದೊಂದೇ.

ಅವಳಿಗೆ ಟೊಂಕ ಹಿಡಿದರೆ ಏಳಲು ಆಗುತ್ತಿರಲಿಲ್ಲ. ಮೇಲಿಂದ ಮೇಲೆ ರಜೆ. ಅವಳು ರಜೆ ಹಾಕಿದ ದಿನ ಲಾರಿಗಳ ಸಾಲು ಗೇಟು ದಾಟಿ ರಸ್ತೆಗೆ ಬರುತ್ತಿತ್ತು. ಕಾಟಾ ನೋಡಿಕೊಳ್ಳುವ ಪಾಟೀಲ ಸಾಹೇಬರು ಕೆಟ್ಟವರಲ್ಲ, ಆದರೆ ಅವರಿಗೂ ಮೇಲಿನವರು ಇದ್ದರು. ಒಂದು ದಿನ ನನಗೆ ನೇರವಾಗಿ ಹೇಳಿದರು: "ನೋಡ್ರಿ ಬಾಯಿ, ಅಕಿ ಮ್ಯಾಲ ನನಗೇನ್ ದ್ವೇಷ ಇಲ್ಲ. ಆದ್ರ ಕಾಯಂ ಮಾಡೋ ಟೈಮಿಗಿ ಅಕಿ ಕೆಲಸಕ್ಕ ನಿಲ್ತಾಳಂತ ನಾ ಹ್ಯಾಂಗ್ ಹೇಳ್ಲಿ? ಮಳಿಗಾಲ ಮುಗಿಯೂದ್ರಾಗ ಅಕಿನ್ನ ನೆಟ್ಟಗ ಮಾಡ್ರಿ. ಇಲ್ಲಾಂದ್ರ ನನ್ನ ಕೈಯಾಗ ಏನೂ ಉಳ್ಯಂಗಿಲ್ಲ."

ಮೊದಲು, ಹೊಸಬರು ಮರೆಯದೆ ಮಾಡಬೇಕಾದದ್ದನ್ನು ಮಾಡಿದೆ. ಎಲ್ಲ ಟೊಂಕನೋವಿಗೂ ಕುರ್ಚಿಯೇ ಕಾರಣವಲ್ಲ. ಕಾಲಲ್ಲಿ ಶಕ್ತಿ ಕುಂದಿದರೆ, ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ನಿಮ್ಮ ಜಾಣತನ ಬದಿಗಿಟ್ಟು ಕೂಡಲೇ ದೊಡ್ಡ ಡಾಕ್ಟರ ಹತ್ತಿರ ಕಳಿಸಬೇಕು. ದೇಶಮುಖರು ಶರಣಮ್ಮನನ್ನು ಪೂರ್ತಿ ಪರೀಕ್ಷೆ ಮಾಡಿ, ಅಂಥದ್ದೇನೂ ಇಲ್ಲ, ಇದು ನಿನ್ನ ಪಾಲಿನದು ಎಂದು ನನಗೆ ಒಪ್ಪಿಸಿದರು. ಕರೆಂಟ್ ಕೊಟ್ಟೆ, ವ್ಯಾಯಾಮ ಕಲಿಸಿದೆ. ಹೊಸ ಕುರ್ಚಿ ಕೊಡಿಸಿದೆ, ಪ್ಲಾಸ್ಟಿಕ್ಕನ್ನು ನಾನೇ ಹರಿದೆ. ಕೆಲವು ದಿನ ಹಾಯಾಗಿರುವಳು, ಮತ್ತೆ ಗೋಡೆ ಹಿಡಿದುಕೊಂಡು ಬರುವಳು. "ಬಾಯಿಯವರೇ, ಮಗಳ ಮುಂದ ಅಳಬಾರದಂತ ಇಲ್ಲಿ ಬಂದು ಅಳ್ತೀನಿ, ತಪ್ಪು ತಿಳ್ಕೋಬ್ಯಾಡ್ರಿ" ಎಂದಳು ಒಮ್ಮೆ.

ಈ ನಡುವೆ ಕ್ಯಾಂಪುಗಳು ನಡೆದೇ ಇದ್ದವು. ಚಿಂಚೋಳಿಯಲ್ಲಿ ವೆಂಕಟರೆಡ್ಡಿ ಎಂಬ ಗುಮಾಸ್ತರಿಗೆ ಒಂದೇ ಕಡೆ ಟೊಂಕನೋವು, ತೊಡೆಯವರೆಗೂ ಸೆಳೆತ. ಸುಲೇಪೇಟದಲ್ಲಿ ಬಸ್ಸು ಕೆಟ್ಟು ಬಿಸಿಲಲ್ಲಿ ನಿಂತು, ಸಾಕಾಗಿ ಚಿಂಚೋಳಿ ತಲುಪಿದ್ದೆ. ಅವರು ಕೂತ ರೀತಿ ನೋಡಿದೆ, ಒಂದು ಬದಿಗೆ ವಾಲಿದ್ದರು. ಹಿಂದಿನ ಕಿಸೆಯಲ್ಲಿದ್ದ ಪಾಕೀಟು ತೆಗೆಸಿದೆ. ಉಬ್ಬಿ ಇಟ್ಟಿಗೆಯಾಗಿತ್ತು. ಒಳಗೆ ದೇವರ ಫೋಟೋಗಳು, ಹಳೆ ಬಸ್ ಟಿಕೆಟ್ಟು, ಸತ್ತುಹೋದ ಸಿಮ್ ಕಾರ್ಡು, ಯಾರದೋ ಮದುವೆಯ ಕರೆಯೋಲೆ. "ಇದ್ರ ಮ್ಯಾಲ ದಿನಾ ಕುಂತ್ರ ದೇವರಿಗೂ ಸಿಟ್ಟು ಬರ್ತದ್ರಿ ರೆಡ್ಡಿಯವರೇ" ಎಂದೆ. ಅವರು ಗಾಬರಿಯಾಗಿ ಪಾಕೀಟನ್ನು ಕಣ್ಣಿಗೊತ್ತಿಕೊಂಡು ಡ್ರಾಯರಿನಲ್ಲಿಟ್ಟರು. ನೋವು ಕ್ರಮೇಣ ಇಳಿಯಿತು.

ಸೇಡಂನಲ್ಲಿ ಮಾತ್ರ ನಾನೇ ನಗೆಪಾಟಲಾದೆ. ಅಷ್ಟು ಹೊತ್ತಿಗೆ ನಮ್ಮ ವಿದ್ಯೆಯೇ ಬದಲಾಗಿತ್ತು. ನಾನು ಕಲಿಯುವಾಗ ಟೊಂಕ ಹಿಡಿದವರನ್ನು ಹಲಗೆಯ ಮೇಲೆ ಮಲಗಿಸಿ ಅಲುಗಾಡಬೇಡಿ ಎನ್ನುತ್ತಿದ್ದರು. ಆಮೇಲೆ ಬೆನ್ನು ಕೋಲಿನ ಹಾಗೆ ನೆಟ್ಟಗಿರಲಿ ಎಂದರು. ಈಗ ಹೇಳುವುದು ಬೇರೆ. ಎಷ್ಟೇ ಚೆಂದ ಕೂತರೂ ಒಂದೇ ರೀತಿಯಲ್ಲಿ ಬಹಳ ಹೊತ್ತು ಕೂಡಬೇಡಿ, ಆಗಾಗ ಎದ್ದು ಓಡಾಡಿ. ಸೇಡಂನ ಒಂದು ಬೇಳೆ ಮಿಲ್ಲಿನ ಆಫೀಸಿನಲ್ಲಿ ಇದನ್ನು ಹೇಳಿ, ಎಲ್ಲರ ಮೊಬೈಲಿಗೂ ಅಲಾರಾಂ ಇಡಿಸಿದೆ. ಮರುದಿನ ಮಾಲೀಕರು ದೊಡ್ಡ ವ್ಯಾಪಾರಿಯೊಬ್ಬರ ಜೊತೆ ದರ ಕುದುರಿಸುವಾಗ ಎಲ್ಲ ಮೊಬೈಲೂ ಒಟ್ಟಿಗೆ ಬಾಯಿ ತೆರೆದವು. ಒಂದರಲ್ಲಿ ಭಜನೆ, ಒಂದರಲ್ಲಿ ಸಿನಿಮಾ ಹಾಡು, ಒಂದರಲ್ಲಿ ಕೋಳಿ ಕೂಗು. ಎಲ್ಲರೂ ಧಡಕ್ಕನೆ ಎದ್ದು ನಿಂತರು. ವ್ಯಾಪಾರಿ ಭೂಕಂಪವೆಂದು ತಿಳಿದು ಹೊರಗೆ ಓಡಿದ. ಮಾಲೀಕರು ಫೋನ್ ಮಾಡಿ, "ಬಾಯಿಯವರೇ, ನನ್ನ ಮಂದಿ ಟೊಂಕ ಉಳದಾವ, ನನ್ನ ಸೌದಾ ಮುರದದ" ಎಂದರು. ಅಲಾರಾಂ ತೆಗೆಸಿ, ಮೇಜಿನ ಮೇಲಿನ ನೀರಿನ ಬಾಟಲಿಗಳನ್ನೂ ತೆಗೆಸಿ, ಆಫೀಸಿನ ಆ ತುದಿಗೆ ಮಣ್ಣಿನ ಕೊಡವೊಂದನ್ನು ಇಡಿಸಿದೆ. ನೀರಡಿಸಿದವರು ತಾವಾಗಿಯೇ ಎದ್ದರು.

ಅದೇ ಉಪಾಯ ಚಿತ್ತಾಪುರದ ಒಂದು ಆಫೀಸಿನಲ್ಲಿ ಸೋತುಹೋಯಿತು. ಕೊಡ ಇಟ್ಟರೂ ಯಾರೂ ಏಳಲಿಲ್ಲ. ನೀರು ಕುಡಿಯುವುದನ್ನೇ ಬಿಟ್ಟರು! ಅಲ್ಲಿನ ಮುಖ್ಯಸ್ಥರು ಗಾಜಿನ ಕೋಣೆಯಲ್ಲಿ ಕೂತು ಕುರ್ಚಿಗಳನ್ನು ಕಾಯುತ್ತಿದ್ದರು. "ಖಾಲಿ ಕುರ್ಚಿ ಕಂಡ್ರ ನನ್ನ ತಲಿ ಕೆಡ್ತದ್ರಿ" ಎಂದು ನನ್ನೆದುರೇ ಹೇಳಿದರು. ಅವರೊಬ್ಬರೇ ಅಲ್ಲ, ನಮ್ಮ ಕಡೆಯ ತಿಳಿವಳಿಕೆಯೇ ಹಾಗೆ. ಕುರ್ಚಿ ತುಂಬಿದ್ದರೆ ಕೆಲಸ ನಡೆದಿದೆ, ಖಾಲಿ ಇದ್ದರೆ ಮನುಷ್ಯ ಚಹಾದಂಗಡಿಯಲ್ಲಿದ್ದಾನೆ. ಕೂತವನಿಗೂ ಅದೇ ಭಯ. ಹಾಗಾಗಿ ಟೊಂಕ ಕಚ್ಚಿದರೂ ಕುರ್ಚಿ ಬಿಡುವುದಿಲ್ಲ.

ಕೂತವರ ಪಾಡು ಕೂತೇ ನೋಡಬೇಕು ಅನ್ನಿಸಿ, ಚಿತ್ತಾಪುರದಿಂದ ಬಂದವಳೇ ನಾನು ಶರಣಮ್ಮನ ಕಾಟಾಕ್ಕೆ ಹೋದೆ. ಅವಳನ್ನು ಎಬ್ಬಿಸಿ ಒಂದು ಪಾಳಿ ಅವಳ ಕುರ್ಚಿಯಲ್ಲಿ ನಾನೇ ಕೂತೆ. ಮೊದಲೇ ಮಾಡಬೇಕಿತ್ತು. ಕಂಪ್ಯೂಟರ್ ಎಡಕ್ಕೆ, ಕಿಟಕಿ ಬಲಕ್ಕೆ. ಲಾರಿ ಡ್ರೈವರ್ ಗಾಡಿಯಿಂದ ಇಳಿಯದೆ ಕೈ ಚಾಚಲೆಂದು ಕಿಟಕಿಯನ್ನು ಎತ್ತರದಲ್ಲಿ ಕಟ್ಟಿದ್ದರು. ಕೂತವರಿಗೆ ಅದು ತಲೆಗಿಂತ ಮೇಲೆ. ಪ್ರತಿ ಲಾರಿಗೂ ಅರ್ಧ ಏಳಬೇಕು, ಸೊಂಟ ತಿರುಚಬೇಕು, ಕೈ ಮೇಲಕ್ಕೆ ಚಾಚಿ ಬಿಲ್ಲು ಕೊಡಬೇಕು, ಮತ್ತೆ ಧೊಪ್ಪನೆ ಕೂಡಬೇಕು. ಮಧ್ಯಾಹ್ನಕ್ಕೆ ನನ್ನ ಟೊಂಕವೇ ಬೊಬ್ಬೆ ಹಾಕಿತು. ನಿಂತು ನೋಡಿದೆ. ಕಿಟಕಿ ಸರಿಯಾಗಿ ಎದೆ ಮಟ್ಟಕ್ಕೆ ಬಂತು!

"ನಿಂತು ಮಾಡವ್ವ. ಸಾಕಾದಾಗ ಕುಂದ್ರು, ಮತ್ತ ನಿಂದ್ರು" ಎಂದೆ.

"ಅಯ್ಯ, ನಿಂತ್ರ ಮಂದಿ ಏನಂತಾರ್ರಿ?"

ಆ ಪ್ರಶ್ನೆಯನ್ನು ನಾನು ಕಿವಿಗೇ ಹಾಕಿಕೊಳ್ಳಲಿಲ್ಲ. ಮೇಜಿನ ಮೇಲೆ ಇಟ್ಟಿಗೆ ಜೋಡಿಸಿ, ಅದರ ಮೇಲೆ ಫರ್ಸಿ ಹಾಸಿ, ಕಂಪ್ಯೂಟರನ್ನು ಕಿಟಕಿಯ ಪಕ್ಕಕ್ಕೆ ಎತ್ತರಿಸಿ ಇಡಿಸಿದೆ. ಕೂಡುವಾಗ ಬೇಕೆಂದು ಕೆಳಗೆ ಇನ್ನೊಂದು ಕೀಬೋರ್ಡ್ ಹಾಕಿಸಿದೆ. ತಿಂಗಳು ಕಳೆಯುವುದರೊಳಗೆ ಶರಣಮ್ಮನ ಮುಖಕ್ಕೆ ಕಳೆ ಬಂತು. ರಜೆ ನಿಂತವು. ಲಾರಿ ಸಾಲು ಕರಗಿತು. ಪಾಟೀಲ ಸಾಹೇಬರು ದಾರಿಯಲ್ಲಿ ಸಿಕ್ಕಾಗ ಕೈ ಎತ್ತಿ ನಮಸ್ಕಾರ ಹೇಳತೊಡಗಿದರು. ನಾನು ಒಳಗೊಳಗೇ ಬೀಗುತ್ತಿದ್ದೆ.

ಆಗ ಒಂದು ಬೆಳಗ್ಗೆ ದವಾಖಾನೆಯ ಮುಂದೆ ಗದ್ದಲ. ಎಲ್ಲರೂ ಮುತ್ಯಾ, ಅಂದರೆ ಅಜ್ಜ, ಎನ್ನುತ್ತಿದ್ದ ಶರಣಮ್ಮನ ಮಾವ ಸಾಯಬಣ್ಣ ತನ್ನ ಓಣಿಯ ನಾಲ್ಕು ಹಿರಿಯರನ್ನು ಕರೆದುಕೊಂಡು ಬಂದಿದ್ದ. ಮೊದಲು ಕಲ್ಲಿನ ಗಣಿಯಲ್ಲಿ ದುಡಿದ ಮನುಷ್ಯ, ಈಗ ದಿನಾ ಸೊಸೆಗೆ ಊಟದ ಡಬ್ಬಿ ತರುತ್ತಿದ್ದ. ದೇಶಮುಖರು ಎಲ್ಲರನ್ನೂ ತಮ್ಮ ಕೋಣೆಗೆ ಕರೆದು, ಬೆಂಚು ತೋರಿಸಿ, "ಕುಂದ್ರಿ" ಎಂದರು.

"ಕುಂದ್ರಂಗಿಲ್ರಿ ಸಾಹೇಬ್ರೇ. ನನ್ನ ಸೊಸಿ ನಿಂತಾಳ, ನಾ ಹ್ಯಾಂಗ್ ಕುಂದರ್ಲಿ?" ಎಂದ ಮುತ್ಯಾ. "ಕುರ್ಚಿ ಹೊಸಾದಿರ್ಬಹುದು, ಜಾಗ ನನ್ನ ಮಗಂದು. ಅದ್ರ ಮ್ಯಾಲ ಸೊಸಿ ಕುಂತಾಳಂತ ಊರಾಗ ತಲಿ ಎತ್ತಿ ತಿರಗತಿದ್ದೆ. ಈಗ ಲಾರಿಯವರು ಕೇಳ್ಳಿಕತ್ತಾರ. ಏನ್ ತಪ್ಪು ಮಾಡ್ಯಾಳ ನಿನ್ನ ಸೊಸಿ, ಯಾಕ್ ನಿಂದರ್ಸ್ಯಾರ ಅಂತ. ಸಾಲ್ಯಾಗ ಮಾಸ್ತರು ಹುಡುಗರನ್ನ ನಿಂದರ್ಸ್ತಾರಲ್ಲ, ಹಂಗ. ಯಾರ್ರಿ ಅಕಿ ಕುರ್ಚಿ ಕಸ್ಗೊಂಡವ್ರು?"

ಎಲ್ಲರ ಕಣ್ಣೂ ನನ್ನ ಮೇಲೆ. ನಾನು ಕಿಟಕಿಯ ಎತ್ತರ, ಸೊಂಟ ತಿರುಚುವುದು, ಬೆನ್ನಹುರಿ, ಎಲ್ಲ ವಿವರಿಸಿದೆ. ಗೋಡೆಯ ಮೇಲಿನ ಎಲುಬಿನ ಚಿತ್ರ ತೋರಿಸಿದೆ. ಮುತ್ಯಾ ಚಿತ್ರವನ್ನು ನೋಡಲೇ ಇಲ್ಲ.

"ಅದೆಲ್ಲ ನಿಮಗ ಗೊತ್ತು ತಾಯಿ. ಲಾರಿಯವರಿಗಿ ಗೊತ್ತಿಲ್ಲ. ಮಾನ ಕಳ್ಕೊಂಡು ನೌಕರಿ ಬ್ಯಾಡ. ನಾಳಿಂದ ಅಕಿ ಬರಂಗಿಲ್ಲ."

ಕಾಯಂ ಆಗಲು ಇನ್ನು ಕೆಲವೇ ವಾರಗಳಿದ್ದವು. ಈಗ ಬಿಟ್ಟರೆ ಆ ನೌಕರಿ ಮತ್ತೆ ಸಿಗುವಂಥದ್ದಲ್ಲ. ದೇಶಮುಖರು ಶರಣಮ್ಮನಿಗೆ ಹೇಳಿ ಕಳಿಸಿದರು. ಅವಳು ಸೆರಗು ಸರಿ ಮಾಡಿಕೊಂಡು ಬಾಗಿಲಲ್ಲಿ ನಿಂತಳು. ಮಾವನೆದುರು ದನಿ ಎತ್ತಿದವಳಲ್ಲ. ಆವತ್ತು ನೆಲ ನೋಡುತ್ತಲೇ ಮಾತಾಡಿದಳು.

"ಮಾವ, ಕುಂತ್ರ ಟೊಂಕ ಹೋಗ್ತದ. ನಿಂತ್ರ ಮಾನ ಹೋಗ್ತದ ಅಂತೀರಿ. ಮನ್ಯಾಗ ಉಳದ್ರ ಮಗಳ ಸಾಲಿ ಹೋಗ್ತದ. ನಾ ಏನ್ ಮಾಡ್ಲಿ, ನೀವೇ ಹೇಳ್ರಿ."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಮುತ್ಯಾ ತಗ್ಗಿಸಿದ ತಲೆ ಎತ್ತಿದ. ಎತ್ತಿದಾಗ ಅವನ ಕಣ್ಣಿಗೆ ಬಿದ್ದದ್ದು ದೇಶಮುಖರ ಕುರ್ಚಿ. ದೇಶಮುಖರಿಗೂ ಬಹಳ ದಿನಗಳಿಂದ ಟೊಂಕನೋವು. ಯಾರಿಗೂ ಹೇಳದೆ, ಕಿಟಕಿಯ ಹತ್ತಿರ ನಿಂತೇ ಕಾಗದ ಓದುವುದು ಅವರ ರೂಢಿ. ಆಗಲೂ ನಿಂತೇ ಇದ್ದರು.

"ಸಾಹೇಬ್ರೇ, ನೀವೂ ನಿಂತೀರಿ."

"ಹೌದು, ನಿಂತೀನಿ."

"ನಿಮ್ಮ ಕುರ್ಚಿ ಖಾಲಿ ಅದ. ಮತ್ತ ನಿಮಗ ಯಾರೂ ಏನೂ ಅನ್ನಂಗಿಲ್ಲಲ್ಲ?"

"ಅಂತಾರೇನು? ಕುರ್ಚಿ ನಂದದ ಅಂತ ಎಲ್ಲರಿಗೂ ಗೊತ್ತು."

"ಹ್ಯಾಂಗ್ ಗೊತ್ತಾಗ್ತದ್ರಿ? ಟಾವೆಲ್ ಅದಲ್ಲ, ಅದಕ್ಕ ಗೊತ್ತಾಗ್ತದ" ಎಂದ ಮುತ್ಯಾ, ಕುರ್ಚಿಯ ಬೆನ್ನಿಗೆ ಹಾಕಿದ್ದ ಬಿಳಿ ಟವೆಲಿನತ್ತ ಬೆರಳು ಮಾಡಿ. "ಅಕಿ ಕುರ್ಚಿಗೂ ಒಂದು ಹಾಕ್ರಿ. ಹಾಕಿದ್ರ ಅಕಿ ನಿಂದರ್ಲಿ, ನಾ ಬ್ಯಾಡ ಅನ್ನಂಗಿಲ್ಲ."

ನಮ್ಮ ಆಫೀಸುಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುರ್ಚಿಯ ಬೆನ್ನಿನ ಬಿಳಿ ಟವೆಲು ಬೆವರು ಒರೆಸಲಿಕ್ಕಲ್ಲ. ಅದು ಸಾಹೇಬರ ಗುರುತು. ಸಾಹೇಬರು ವಾರಗಟ್ಟಲೆ ಬರದಿದ್ದರೂ ಟವೆಲು ಅವರ ಪರವಾಗಿ ಹಾಜರಿರುತ್ತದೆ. ಗುಮಾಸ್ತರು ಟವೆಲು ಹಾಕಬಾರದು ಎಂದು ಯಾವ ನಿಯಮದಲ್ಲೂ ಬರೆದಿಲ್ಲ, ಆದರೂ ಯಾರೂ ಹಾಕುವುದಿಲ್ಲ.

ದೇಶಮುಖರು ಗಟ್ಟಿಯಾಗಿ ನಕ್ಕರು. ತಮ್ಮ ಕುರ್ಚಿಯ ಟವೆಲನ್ನೇ ಎಳೆದು, ಮಡಚಿ, ಶರಣಮ್ಮನ ಕೈಗೆ ಕೊಟ್ಟರು. ಅವಳು ತೆಗೆದುಕೊಳ್ಳಲು ಹೆದರಿದಳು. ಮುತ್ಯಾನೇ ಇಸಿದುಕೊಂಡು ಕಾಟಾದವರೆಗೆ ನಡೆದು, ಕಿಟಕಿಯಿಂದ ಎಲ್ಲರಿಗೂ ಕಾಣುವ ಹಾಗೆ ಕುರ್ಚಿಗೆ ಹೊದಿಸಿದ.

ಪಾಟೀಲ ಸಾಹೇಬರು ಉರಿದುಬಿದ್ದರು. "ಗುಮಾಸ್ತರ ಕುರ್ಚಿಗಿ ಟಾವೆಲ್ ಅಂದ್ರ ಏನ್ರಿ? ನಾಳಿ ನಮ್ಮ ಕುರ್ಚಿಗಿ ಏನ್ ಹಾಕೋಣ್ರಿ, ಜಮಖಾನಿ?" ಎಂದು ಫೋನಿನಲ್ಲಿ ಕೂಗಿದ್ದು ದೇಶಮುಖರ ಪಕ್ಕದಲ್ಲಿದ್ದ ನನಗೂ ಕೇಳಿಸಿತು.

ದೇಶಮುಖರು ಗಂಭೀರವಾಗಿಯೇ ಉತ್ತರಿಸಿದರು: "ಪಾಟೀಲ್ರೇ, ಅದು ಟಾವೆಲ್ ಅಲ್ರಿ, ಔಷಧ. ತೆಗದ್ರ ಲಾರಿ ಸಾಲು ಮತ್ತ ರೋಡಿಗಿ ಬರ್ತದ. ನೀವೇ ನೋಡ್ರಿ."

ಪಾಟೀಲರು ಫೋನ್ ಇಟ್ಟರು. ಟವೆಲು ಉಳಿಯಿತು.

ಆಮೇಲೆ ನಡೆದದ್ದನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಬಿಲ್ ಸೆಕ್ಷನ್ನಿನವರು ಒಬ್ಬೊಬ್ಬರೇ ದವಾಖಾನೆಗೆ ಬಂದು, "ನಮಗೂ ಟೊಂಕದ ಟಾವೆಲ್ ಬರದು ಕೊಡ್ರಿ" ಎಂದು ಕೂತರು. ದೇಶಮುಖರು ಕೇಳಿದವರಿಗೆಲ್ಲ ಬರೆದುಕೊಟ್ಟರು. ಮನೆಯಿಂದ ಬಿಳಿ ಟವೆಲು ತಂದು ಎಲ್ಲರೂ ಕುರ್ಚಿಗೆ ಹಾಕಿಕೊಂಡರು. ಟವೆಲು ಬಿದ್ದ ಮೇಲೆ ಖಾಲಿ ಕುರ್ಚಿ ಖಾಲಿ ಎಂದು ಯಾರಿಗೂ ಅನ್ನಿಸಲಿಲ್ಲ. ಮನುಷ್ಯ ಇಲ್ಲೇ ಎಲ್ಲೋ ಇದ್ದಾನೆ, ಬರುತ್ತಾನೆ ಅನ್ನಿಸಿತು. ಕೂತವರಿಗೂ ಧೈರ್ಯ ಬಂತು. ಫೋನಿನಲ್ಲಿ ಕೇಳುತ್ತಿದ್ದದ್ದನ್ನು ಎದ್ದು ಹೋಗಿ ಕೇಳಿದರು, ನಾನು ಇಲ್ಲೂ ಮೂಲೆಗೆ ಇಡಿಸಿದ್ದ ಕೊಡದ ಹತ್ತಿರ ಹೋಗಿ ನೀರು ಕುಡಿದರು, ನಿಂತು ಕಾಗದ ಓದಿದರು. ನಾನು ಅಲಾರಾಂ ಇಟ್ಟು, ಕೈಮುಗಿದು, ಬೈದು ಮಾಡಿಸಲಾಗದ್ದನ್ನು ಟವೆಲು ಮಾಡಿಸಿತು. ಸಾಹೇಬರುಗಳು ಮಾತ್ರ ಕೆಲವು ದಿನ ಮುಖ ಸಣ್ಣ ಮಾಡಿಕೊಂಡು ಓಡಾಡಿದರು. ಆಮೇಲೆ ಒಬ್ಬರು ಅಂಚಿಗೆ ಹೂವಿದ್ದ ಟವೆಲು ತರಿಸಿ ಸಮಾಧಾನ ಮಾಡಿಕೊಂಡರು.

ನನ್ನ ಕರೆಂಟಿನ ಯಂತ್ರಕ್ಕೆ ಧೂಳು ಹಿಡಿಯಿತು. ಅಷ್ಟು ಖುಷಿಯಿಂದ ನಾನು ಯಾವ ಧೂಳನ್ನೂ ಒರೆಸಿಲ್ಲ.

ಹೊಸಬರಿಗೆ ಹೇಳುವುದಿಷ್ಟೇ. ಕಂಪ್ಯೂಟರ್ ಕಣ್ಣಿನ ಮಟ್ಟಕ್ಕಿರಲಿ, ಪಾದ ನೆಲಕ್ಕೆ ತಾಗಲಿ, ಟೊಂಕಕ್ಕೆ ಆಸರೆ ಇರಲಿ, ಆಗಾಗ ಏಳಲಿ ಎಂದು ನೀವು ಹೇಳುತ್ತೀರಿ, ಹೇಳಲೇಬೇಕು. ಅದನ್ನು ಕೇಳಿದ ಮೇಲೂ ಮನುಷ್ಯ ಏಳದಿದ್ದರೆ ಅವನನ್ನು ಸೋಮಾರಿ ಎನ್ನಬೇಡಿ. ಎದ್ದರೆ ಅವನಿಗೆ ಏನು ಹೋಗುತ್ತದೆ ಎಂದು ವಿಚಾರಿಸಿ. ವಿಚಾರಿಸಲು ಸಂಕೋಚ ಬೇಡ.

ಮಳೆಗಾಲ ಮುಗಿಯಿತು. ಶರಣಮ್ಮನ ನೌಕರಿ ಕಾಯಂ ಆದ ಸ್ವಲ್ಪ ದಿನಕ್ಕೆ, ಮಧ್ಯಾಹ್ನ ಊಟದ ಹೊತ್ತಿಗೆ ನಾನು ಕಾಟಾದ ಕಡೆ ಹೋಗಿದ್ದೆ. ಲಾರಿಗಳು ನಿಧಾನವಾಗಿ ಸರಿಯುತ್ತಿದ್ದವು. ಒಳಗೆ ಶರಣಮ್ಮ ನಿಂತು ಬಿಲ್ಲು ಕೊಡುತ್ತಿದ್ದಳು. ಹೊರಗೆ, ಡಬ್ಬಿ ಹಿಡಿದುಕೊಂಡು ಸಾಯಬಣ್ಣ ಮುತ್ಯಾ ನೆರಳಲ್ಲಿ ಕಾಯುತ್ತಿದ್ದ. ನಾನು ಬಂದದ್ದು ಅವನಿಗೆ ಕಾಣಲಿಲ್ಲ.

ತಾಂಡೂರಿನ ಕಡೆಯ ಲಾರಿಯೊಂದು ಬಂದು ನಿಂತಿತು. ಡ್ರೈವರ್ ಹೊಸಬ. ಕಿಟಕಿಯೊಳಗೆ ಇಣುಕಿ, ಬಿಲ್ಲು ತೆಗೆದುಕೊಂಡು, ಮುತ್ಯಾನ ಕಡೆ ತಿರುಗಿ ಕೇಳಿದ: "ಏನ್ ಮುತ್ಯಾ, ಆ ಬಾಯಿಗಿ ಕುಂದ್ರಾಕ ಕೊಟ್ಟಿಲ್ಲೇನು? ಪಾಪ, ನಿಂತೇ ಅದಾಳ."

ಮುದುಕ ಮತ್ತೆ ಸಿಟ್ಟಾಗುತ್ತಾನೋ, ಸೊಸೆಯನ್ನು ಕರೆದುಕೊಂಡು ಹೊರಡುತ್ತಾನೋ ಎಂದು ನಿಂತಲ್ಲೇ ನಿಂತೆ.

ಮುತ್ಯಾ ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡ.

"ಕುರ್ಚಿ ಅಕಿದೇ ಅದನೋ ತಮ್ಮಾ," ಎಂದ. "ಮನಸ್ಸು ಬಂದ್ರ ಕುಂದರ್ತಾಳ, ಬರದಿದ್ರ ನಿಂದರ್ತಾಳ. ಅಕಿನ್ನ ಕೇಳವ್ರು ಯಾರು?"